ಹಿಟ್ಟಿನ ಮೇಲಿನ ಹೆಜ್ಜೆ

ಸೆಪ್ಟೆಂಬರ್ 12, ಶನಿವಾರ

ಸೂರಿನೊಳಗೆ ಸೇರಿಕೊಂಡಿರುವ ಪೊಸಮ್, ಆ ಬೆಕ್ಕಿನ ಗಾತ್ರದ ಮರವಾಸಿ ಪ್ರಾಣಿ, ನಾಳೆಯೊಳಗೆ ಹೊರಡದಿದ್ದರೆ ಡಲ್ಸಿ ಅಜ್ಜಿ ಬೋನಿನವನನ್ನು ಕರೆಸುತ್ತಾಳಂತೆ. ಬೋನೆಂದರೆ ಸೆರೆಮನೆ! ಮೆಲ್ಬರ್ನಿನ ಪ್ರಾಣಿದಯಾ ಸಂಘದಿಂದ ತರಿಸಿದ ಕರಪತ್ರದಲ್ಲಿ ಹೇಳಿದಂತೆ ಹಿತ್ತಲ ನೀಲಗಿರಿ ಮರಕ್ಕೆ ಅದಕ್ಕೆಂದೇ ಒಂದು ಗೂಡುಪೆಟ್ಟಿಗೆ ಕಟ್ಟಿದೆ. ಅಜ್ಜಿ ಚಹಾದ ಜೊತೆಯ ಸ್ಕೋನ್ ಬನ್ನಿಗೆಂದು ಇಟ್ಟಿದ್ದ ಹಿಟ್ಟನ್ನು ಸೂರಿನ ಕಿಂಡಿಯ ಬಾಯಿಗೆ ಉದುರಿಸಿದೆ. ಮುಸ್ಸಂಜೆಗೆ ಹಿಟ್ಟಿನ ಮೇಲೆ ಹೊರಹೋದ ಹೆಜ್ಜೆಗಳು ಮೂಡಿದ್ದವು. ಕೂಡಲೇ ಹಲಗೆ ಹೊಡೆದು ಕಿಂಡಿ ಮುಚ್ಚಿದೆ. ಹನಿ ರಕ್ತ ಹರಿಯದ ಕ್ರಾಂತಿ!

ಅರ್ಧ ಗಂಟೆಯಲ್ಲಿ ಸೂರಿನೊಳಗಿಂದ ಕೀರಲು ದನಿ ಕೇಳಿಸಿತು. ಹೊರಗೆ ತಾಯಿ ಹಲಗೆಯನ್ನು ಪರಪರ ಕೆರೆಯುತ್ತಿತ್ತು. ಕರಪತ್ರದಲ್ಲಿ ಮರಿಯ ಮಾತೇ ಇರಲಿಲ್ಲ.

ಅಜ್ಜಿ ನೈಟಿಯಲ್ಲೇ ಏಣಿ ಹೊತ್ತು ಬಂದಳು. "ಹತ್ತೇ ಮೆರಿನ್, ಲೋಕೋದ್ಧಾರ ಆಮೇಲೆ ಮಾಡುವಂತೆ. ಕೂಸನ್ನ ಒಳಗಿಟ್ಟು ಬಾಗಿಲು ಹಾಕಿದ್ದೀಯಲ್ಲ!"

"ನಾಳೆ ಬೋನಿನವನು?"

"ಅವನ್ಯಾಕೆ? ಬಾಣಂತಿ ಕಣೇ ಅದು. ಮರಿ ದೊಡ್ಡದಾಗೋವರೆಗೂ ಇರ್ಲಿ. ಹೇಗೂ ಅದು ಉಚ್ಚೆ ಹೊಯ್ಯೋದು ನಿನ್ನ ಕೋಣೆ ಮೇಲೆ ತಾನೆ?"

ಹಲಗೆ ಕಿತ್ತೆ. ತಾಯಿ ನನ್ನತ್ತ ತಿರುಗಿಯೂ ನೋಡದೆ ಒಳಗೆ ನುಗ್ಗಿತು. ಆ ನಾಚಿಕೆ ಇನ್ನೂ ಇಳಿದಿಲ್ಲ.

ತತ್ತ್ವದ ಪ್ರಕಾರ ಗೆದ್ದದ್ದು ನಾನೇ. ಹಾಸಿಗೆಯಲ್ಲಿ ಛತ್ರಿ ಬಿಚ್ಚಿಕೊಂಡು ಬರೆಯುತ್ತಿದ್ದೇನೆ. ನಾಳೆ ಆ ಕರಪತ್ರ ಬರೆದವರಿಗೆ ಖಾರವಾಗಿ ಒಂದು ಕಾಗದ ಹಾಕಬೇಕು. ಕಿಂಡಿ ಮುಚ್ಚುವ ಮೊದಲು ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂದು… ಅಯ್ಯೋ, ಛತ್ರಿಯಲ್ಲೂ ತೂತಿದೆ.