ಹಸಿರು ದೀಪಕ್ಕೆ ನಿಂತ ಬಸ್ಸು

ಮನೆಯಿಂದ,
ಭಾನುವಾರ, ಮಾರ್ಚ್ 9

ನನ್ನ ಗುಬ್ಬಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ತಲೆನೋವು ಇಳಿದಿದೆಯೇ ಎಂಬುದೊಂದೇ ಇಲ್ಲಿ ದಿನವಿಡೀ ಮಾತು. ಕಾಗದ ತಡವಾಯಿತೆಂದು ಬೈದುಕೊಳ್ಳಬೇಡ. ಗುರುವಾರವೇ ಶುರು ಮಾಡಿದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಅಕ್ಷರಗಳು ಇರುವೆಗಳ ಹಾಗೆ ಹರಿದಾಡತೊಡಗುತ್ತವೆ. ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿ ಕೂತು, ಆಮೇಲೆ ಮತ್ತೆ ನಾಲ್ಕು ಸಾಲು. ಒಂದು ಕಡೆ ಶಾಯಿ ನೀಲಿ, ಇನ್ನೊಂದು ಕಡೆ ಕಪ್ಪು ಇದ್ದರೆ ಗಾಬರಿಯಾಗಬೇಡ, ಎಲ್ಲವೂ ನಾನೇ. ನೀನು ಸದ್ಯಕ್ಕೆ ಫೋನ್ ನೋಡುವಂತಿಲ್ಲ, ನಾನು ಹೆಚ್ಚು ಹೊತ್ತು ಕಿವಿಗೆ ಹಿಡಿಯುವಂತಿಲ್ಲ. ತಾಯಿ ಮಗಳಿಬ್ಬರಿಗೂ ಅಂಚೆಯವನೇ ಗತಿ. ನೀನೂ ಇದನ್ನು ಒಂದೇ ಏಟಿಗೆ ಓದಬೇಡ. ಕಣ್ಣು ಭಾರವಾದರೆ ಮಡಚಿ ದಿಂಬಿನ ಕೆಳಗಿಡು.

ನಿಮ್ಮ ಹಾಕಿ ಫೈನಲ್ ಪಂದ್ಯದ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿ ಹೇಳಿದರು. ಒಂದೇ ಒಂದು ಗೋಲಿನಿಂದ ಸೋತರಂತೆ. ಗೋಲಿನಲ್ಲಿ ನೀನು ನಿಂತಿದ್ದರೆ ಆ ಚೆಂಡು ಒಳಗೆ ಹೋಗುತ್ತಿರಲಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಪಂದ್ಯಕ್ಕೆ ಎರಡು ದಿನವಿರುವಾಗ ಕೋಚ್ ಮೇಡಂ ನಿನ್ನನ್ನು ತಂಡದಿಂದ ಹೊರಗಿಟ್ಟು ಹಾಸ್ಟೆಲ್ ರೂಮಿನಲ್ಲಿ ಮಲಗಿಸಿದ್ದು ನಿನ್ನ ಎದೆಗೆ ಎಷ್ಟು ಚುಚ್ಚಿರಬೇಕು ಎಂಬುದನ್ನು ನೀನು ಬಿಡಿಸಿ ಹೇಳಬೇಕಾಗಿಲ್ಲ. ಸಮಾಧಾನ ಮಾಡಲು ನನಗೆ ಬರುವುದಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ. ಡಿಸೆಂಬರಿನಲ್ಲಿ ನೀನು ಆಯ್ಕೆ ಪಂದ್ಯಗಳ ಗಡಿಬಿಡಿಯಲ್ಲಿದ್ದೆ. 'ತಲೆಗೆ ಏನೋ ಸ್ವಲ್ಪ ತಾಗಿತು, ರಜೆ ಹಾಕಿದ್ದೀನಿ' ಎಂದಷ್ಟೇ ನಾನು ಹೇಳಿ ಫೋನ್ ಇಟ್ಟಿದ್ದೆ. ಅದು ಸ್ವಲ್ಪವೇನೂ ಆಗಿರಲಿಲ್ಲ.

ಬೆಳಿಗ್ಗೆ ಬಸ್ಸು ತೆಗೆಯುವ ಮುಂಚೆ ನಾನು ಹಿಂದುಗಡೆಯ ಎಂಜಿನ್ ಮುಚ್ಚಳ ಎತ್ತಿ ಒಮ್ಮೆ ಇಣುಕುವುದುಂಟಲ್ಲ. ಅವತ್ತು ಮುಚ್ಚಳಕ್ಕೆ ಆನಿಸುವ ಸಲಾಕೆ ಜಾರಿತು. ಇಡೀ ಮುಚ್ಚಳ ನೆತ್ತಿಯ ಮೇಲೆ ಬಿತ್ತು. ಎಚ್ಚರ ತಪ್ಪಲಿಲ್ಲ, ಒಂದು ತೊಟ್ಟು ರಕ್ತವೂ ಬರಲಿಲ್ಲ. ಮೆಕ್ಯಾನಿಕ್ ಓಡಿ ಬಂದು, "ಅಕ್ಕಾ, ಏನಾಯ್ತಕ್ಕಾ?" ಅಂದ. "ಏನಿಲ್ಲ ಕಣೋ, ಹಗಲು ಹೊತ್ತಲ್ಲೇ ನಕ್ಷತ್ರ ಕಾಣಿಸ್ತು" ಎಂದು ನಗಾಡಿದೆ. ಎಲ್ಲರೂ ನಕ್ಕರು. ತಲೆಗೆ ತಣ್ಣೀರು ತಟ್ಟಿಕೊಂಡು, ಟೀ ಕುಡಿದು, ಸ್ಟೀರಿಂಗ್ ಮುಂದೆ ಕೂತೆ. ಸಂಜೆಯ ಹೊತ್ತಿಗೆ ಎದುರಿನ ಗಾಡಿಗಳ ಬೆಳಕು ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ನಿದ್ದೆ ಕಡಿಮೆಯಾಗಿರಬೇಕು ಅಂದುಕೊಂಡೆ.

ಮಾರನೆಯ ದಿನ ಗಡಿಯಾರದ ಗೋಪುರದ ಹತ್ತಿರ, ನಾಲ್ಕು ರಸ್ತೆ ಸೇರುವ ಕಡೆ, ಸಿಗ್ನಲ್ ಹಸಿರಾಯಿತು. ನಾನು ಬಸ್ಸು ಬಿಡಲಿಲ್ಲ. ಎತ್ತ ತಿರುಗಬೇಕೋ ನನಗೆ ತಿಳಿಯಲಿಲ್ಲ, ಗುಬ್ಬಿ. ನೀನು ಹಾಲುಹಲ್ಲಿನ ಹುಡುಗಿಯಾಗಿದ್ದಾಗಿನಿಂದ ನಾನು ಓಡಿಸುತ್ತಿರುವ ಮಾರ್ಗ ಅದು. ಕಣ್ಣು ಮುಚ್ಚಿದರೂ ಕೈ ತಾನಾಗಿ ತಿರುಗುತ್ತಿತ್ತು. ಅವತ್ತು ಕೈ ನನ್ನ ಮುಖ ನೋಡಿತು, ನಾನು ಕೈ ನೋಡಿದೆ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಒತ್ತತೊಡಗಿದವು. ಒಂದೊಂದು ಹಾರ್ನೂ ತಲೆಯೊಳಗೆ ತಗಡು ಬಡಿದ ಹಾಗೆ. ನಮ್ಮ ಕಂಡಕ್ಟರ್ ಗಂಟೆರಾಯ ಗೊತ್ತಲ್ಲ, ಹಗ್ಗ ಕಿತ್ತುಬರುವ ಹಾಗೆ ಗಂಟೆ ಹೊಡೆಯುವವನು, ಅವನು ಹೊಡೆದೇ ಹೊಡೆದ. ಕೊನೆಗೆ ಜನರ ಮಧ್ಯೆ ನುಗ್ಗಿಕೊಂಡು ಮುಂದೆ ಬಂದ.

"ಎಡಕ್ಕಕ್ಕಾ, ಎಡಕ್ಕೆ."

"ಎಡಗಡೆ ಯಾವುದು ಅಂತ ಗೊತ್ತು ಕಣೋ. ಯಾಕೆ ಎಡಕ್ಕೆ ಅಂತ ಗೊತ್ತಾಗ್ತಿಲ್ಲ."

ಹಿಂದಿನಿಂದ ಯಾರೋ, "ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕೊಂಡು ಬಂದಿದ್ದಾಳೇನೋ" ಎಂದ. ನಾನು ಹ್ಯಾಂಡ್‌ಬ್ರೇಕ್ ಎಳೆದೆ, ಎಂಜಿನ್ ಆರಿಸಿದೆ, ಕೀಲಿ ತೆಗೆದು ಗಂಟೆರಾಯನ ಕೈಗೆ ಕೊಟ್ಟೆ. "ಎಲ್ಲರನ್ನೂ ಇಳಿಸಿಬಿಡು" ಅಂದೆ. ಆಮೇಲೆ ಪಾದಚಾರಿ ದಾರಿಯ ಅಂಚಿನಲ್ಲಿ ಕೂತು ವಾಂತಿ ಮಾಡಿಕೊಂಡೆ. ಸಿಗ್ನಲ್ ಮೂರು ಬಣ್ಣವನ್ನೂ ಸರದಿಯಂತೆ ತೋರಿಸುತ್ತಾ ಇತ್ತು, ನನ್ನ ಬಸ್ಸು ನಡುರಸ್ತೆಯಲ್ಲಿ ನಿಂತೇ ಇತ್ತು. ಆ ಬಸ್ಸಿನಲ್ಲಿ ಶಾಲೆಯ ಮಕ್ಕಳಿದ್ದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಏನೂ ಕಾಣಲಿಲ್ಲ. ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು: "ಕಾಣಲಿಲ್ಲ ಅಂದ್ರೆ ಒಳಗೆ ರಕ್ತ ಸೋರಿಲ್ಲ ಅಂತ ಮಾತ್ರ. ಪೆಟ್ಟೇ ಆಗಿಲ್ಲ ಅಂತಲ್ಲ. ಡಬ್ಬಿಗೆ ಏನೂ ಆಗದಿದ್ರೂ ಜೋರಾಗಿ ಅಲ್ಲಾಡಿಸಿದ್ರೆ ಒಳಗಿನ ಪದಾರ್ಥ ಕಲಕುತ್ತಲ್ಲ, ಹಾಗೆ. ಇದಕ್ಕೆ ಕನ್ಕಷನ್ ಅಂತೀವಿ. ಹೆಚ್ಚಿನವರಿಗೆ ವಾಸಿಯಾಗುತ್ತೆ. ಆದ್ರೆ ಇದು ಮಾಗೋ ಮುಂಚೆ ಇನ್ನೊಂದು ಪೆಟ್ಟು ಬಿದ್ರೆ ಮಾತ್ರ ನಾನು ಯಾವ ಭರವಸೆನೂ ಕೊಡಲ್ಲ." ನಿನ್ನೆ ಡ್ರೈವ್ ಮಾಡಿದಿರಾ ಎಂದು ಕೇಳಿದರು. ಹೂಂ ಅಂದೆ. ಅವರು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮೊದಲ ಎರಡು ದಿನ ಮಲಗಿಯೇ ಇದ್ದೆ. ಆಮೇಲೆ ಅಂಗಳದಲ್ಲಿ ಮೆಲ್ಲಗೆ ನಡೆಯಬಹುದು, ತಲೆನೋವು ಏರಿದರೆ ನಿಲ್ಲಿಸಬೇಕು ಅಂದರು. ಹೇಳುವುದಕ್ಕೆ ಸುಲಭ. ಕುಕ್ಕರ್ ಕೂಗಿದರೆ ಕಿರುಚುವ ಹಾಗಾಗುತ್ತಿತ್ತು. ಹಾಲಿಟ್ಟು ಅದರ ಮುಂದೆಯೇ ನಿಂತಿದ್ದರೂ ಅದು ಉಕ್ಕಿ ಹರಿಯುವುದನ್ನು ಸುಮ್ಮನೆ ನೋಡುತ್ತಿದ್ದೆ. ನಿನ್ನ ಅಪ್ಪನ ಹೊಲಿಗೆ ಯಂತ್ರದ ಸದ್ದು ಕೇಳಿಯೇ ನಾನು ಇಷ್ಟು ವರ್ಷ ನಿದ್ದೆ ಮಾಡಿದವಳು. ಈಗ ಅದೇ ಸದ್ದಿಗೆ ಎದ್ದು ಬಂದು, "ನಿಲ್ಲಿಸ್ತೀರೋ ಇಲ್ಲ ಅದನ್ನ ಬಾವಿಗೆ ಹಾಕ್ಲೋ?" ಎಂದು ಅರಚಿದೆ. ಅಳತೆ ಕೊಡಲು ಕಾದು ಕೂತಿದ್ದ ಗಿರಾಕಿ ಅಳತೆ ಕೊಡದೆಯೇ ಎದ್ದುಹೋದರು.

ಅಪ್ಪನಿಗೂ ಮೊದಲು ಅರ್ಥವಾಗಲಿಲ್ಲ. "ನೋಡೋಕೆ ಗುಂಡುಕಲ್ಲಿನ ಹಾಗಿದ್ದೀಯ, ಏನೇ ಆಗಿದೆ ನಿನಗೆ?" ಎಂದು ಕೇಳಿದರು. ಡಿಪೋ ಮ್ಯಾನೇಜರ್ ಮನೆಗೇ ಬಂದು, "ಬ್ಯಾಂಡೇಜಿಲ್ಲ, ಹೊಲಿಗೆಯಿಲ್ಲ. ನಾನು ಮೇಲಿನವರಿಗೆ ಏನಂತ ಹೇಳಲಮ್ಮಾ?" ಅಂದರು. ಒಂದು ದಿನ ಕನ್ನಡಿ ಮುಂದೆ ನಿಂತು ನಾನೇ ಹುಡುಕಿದೆ. ಒಂದು ಗಾಯದ ಗುರುತಾದರೂ ಸಿಕ್ಕರೆ ತೋರಿಸಬಹುದಿತ್ತಲ್ಲ ಎಂದು. ನಾನು ನಾಟಕ ಮಾಡುತ್ತಿದ್ದೇನೆಯೇ ಎಂದು ನನಗೇ ಅನುಮಾನ ಬಂದುಬಿಟ್ಟಿತ್ತು.

ಅಪ್ಪ ಬದಲಾದದ್ದು ಆಸ್ಪತ್ರೆಯ ಬುಧವಾರದ ಕೂಟಕ್ಕೆ ನನ್ನ ಜೊತೆ ಬಂದಮೇಲೆ. ತಲೆಗೆ ಪೆಟ್ಟು ತಿಂದವರೆಲ್ಲ ಒಂದು ಕೋಣೆಯಲ್ಲಿ ಕೂರುತ್ತೇವೆ, ಪರದೆ ಎಳೆದಿರುತ್ತಾರೆ, ಯಾರೂ ಜೋರಾಗಿ ಮಾತಾಡುವುದಿಲ್ಲ. ಅಲ್ಲಿ ಅಟ್ಟಣೆಯಿಂದ ಬಿದ್ದ ಒಬ್ಬ ಪೇಂಟರ್ ಇದ್ದಾನೆ. ಅವನು ಹೇಳಿದ: "ಕಾಲು ಮುರ್ಕೊಂಡಿದ್ರೆ ಪ್ಲಾಸ್ಟರ್ ಮೇಲೆ ಎಲ್ಲರೂ ಹೆಸರು ಬರ್ದು ಹೋಗ್ತಿದ್ರು. ತಲೆ ಒಳಗೆ ಯಾರು ಬಂದು ಬರೀತಾರೆ?" ಎಲ್ಲರೂ ನಕ್ಕೆವು. ನಗುತ್ತಲೇ ಅವನು ಅತ್ತುಬಿಟ್ಟ. ಹೆಂಡತಿ ತವರಿಗೆ ಹೋಗಿದ್ದಾಳಂತೆ, ಅವನ ಸಿಡುಕು ತಾಳಲಾರದೆ. ಅದೂ ಪೆಟ್ಟಿನ ಒಂದು ಭಾಗವೇ ಎಂದು ಅವರಿಬ್ಬರಿಗೂ ಯಾರೂ ಹೇಳಿರಲಿಲ್ಲ. ಮರುದಿನ ಎದ್ದು ನೋಡುತ್ತೇನೆ, ಹೊಲಿಗೆ ಯಂತ್ರ ಹಿತ್ತಲಿನ ಶೆಡ್ಡಿನಲ್ಲಿದೆ. ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಇಂಥ ಕೈಕೆಲಸವನ್ನೆಲ್ಲ ತಂದು ನನ್ನ ಮಂಚದ ಪಕ್ಕ ಕೂತು ಮಾಡುತ್ತಾರೆ. ಸೂಜಿಗೆ ಸದ್ದಿಲ್ಲವಲ್ಲ.

ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಬರುತ್ತಾಳೆ. ಗೆರೆಯ ಮೇಲೆ ನಡೆಯುತ್ತಾ ತಲೆ ಆ ಕಡೆ ಈ ಕಡೆ ತಿರುಗಿಸಬೇಕು. ಮೊದಲ ದಿನ ಗೋಡೆಗೆ ಒರಗಿದವಳು ಈಗ ಅಂಗಳದ ತುದಿ ಮುಟ್ಟುತ್ತೇನೆ. ಡಿಪೋದಲ್ಲಿ ಅರ್ಧ ದಿನ ಕೆಲಸ ಕೊಟ್ಟಿದ್ದಾರೆ, ಬಸ್ಸು ಬಂದದ್ದು ಹೋದದ್ದು ಬರೆದುಕೊಳ್ಳುವುದು. ನನ್ನ ಬಸ್ಸನ್ನು ಬೇರೆಯವರು ಓಡಿಸಿಕೊಂಡು ಗೇಟು ದಾಟುವಾಗ ತಲೆ ಬಗ್ಗಿಸಿ ಬರೆಯುತ್ತೇನೆ. ಹೋದ ತಿಂಗಳು ಮ್ಯಾನೇಜರೇ ನನ್ನನ್ನು ಡ್ರೈವರುಗಳ ಮುಂದೆ ನಿಲ್ಲಿಸಿ ಮಾತಾಡಿ ಅಂದರು. ನಾನು ಭಾಷಣ ಮಾಡಲಿಲ್ಲ. ಸಿಗ್ನಲ್ಲಿನ ಕಥೆ ಹೇಳಿದೆ. ತಲೆಗೆ ಪೆಟ್ಟು ಬಿದ್ದರೆ ಅವತ್ತು ಸ್ಟೀರಿಂಗ್ ಮುಟ್ಟಬೇಡಿ, ನಾಚಿಕೆ ಬಿಟ್ಟು ಹೇಳಿ ಅಂದೆ. ಮುಗಿದ ಮೇಲೆ ಒಬ್ಬ ಹಿರಿಯ ಡ್ರೈವರು ನನ್ನನ್ನು ಪಕ್ಕಕ್ಕೆ ಕರೆದು, "ನನಗೂ ಹಿಂಗೇ ಆಗಿತ್ತಮ್ಮಾ, ಯಾರಿಗೂ ಹೇಳಿರಲಿಲ್ಲ" ಅಂದರು. ಮತ್ತೆ ಬಸ್ಸು ಕೊಡುತ್ತಾರೋ ಇಲ್ಲವೋ ಮುಂದಿನ ತಿಂಗಳ ಪರೀಕ್ಷೆಯ ಮೇಲೆ ನಿಂತಿದೆ. ಕೊಡದಿದ್ದರೆ ನಾನು ಯಾರು ಎಂದು ಯೋಚಿಸಲು ಹೋದರೆ ತಲೆ ಸುತ್ತುತ್ತದೆ, ಹಾಗಾಗಿ ಯೋಚಿಸುತ್ತಿಲ್ಲ.

ಇಷ್ಟೆಲ್ಲ ಏಕೆ ಬರೆದೆ ಅಂದರೆ, ನಿನಗೀಗ ಸುಮ್ಮಸುಮ್ಮನೆ ಅಳು ಬಂದರೆ, ಯಾರ ಮೇಲೋ ಎಗರಾಡಬೇಕೆನಿಸಿದರೆ, ನೀನು ಕೆಟ್ಟವಳಾದೆ ಎಂದುಕೊಳ್ಳಬೇಡ. ಡಾಕ್ಟರು ಹೇಳುವವರೆಗೂ ಹೆಲ್ಮೆಟ್ಟಿಗೆ ಕೈ ಹಾಕಬೇಡ. ತಲೆನೋವು ಏರುತ್ತಲೇ ಹೋದರೆ, ವಾಂತಿ ಬಿಡದಿದ್ದರೆ, ಮಾತು ತೊದಲಿದರೆ, ನಿದ್ದೆಯಿಂದ ಏಳಲಾಗದಿದ್ದರೆ ವಾರ್ಡನ್ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಅವರಿಗೆ ಅಪ್ಪನೇ ಫೋನಿನಲ್ಲಿ ಹೇಳಿದ್ದಾರೆ. ಇನ್ನೊಂದು. ನಿನ್ನ ಪೆಟ್ಟಿನ ವಿಷಯ ಕೋಚ್‌ಗೆ ಚಾಡಿ ಹೇಳಿದಳೆಂದು ನಿನ್ನ ರೂಮಿನ ಗೆಳತಿಯ ಹಾಸಿಗೆಯನ್ನು ಕಾರಿಡಾರಿಗೆ ಎಸೆದೆಯಂತೆ. ಅವಳು ಎದುರು ಕೋಣೆಯಲ್ಲಿ ಮಲಗುತ್ತಿದ್ದಾಳಂತೆ. ಈ ಸಮಯದಲ್ಲಿ ನೀನು ಒಬ್ಬಳೇ ಇರಬಾರದು, ಕಂದಾ.

ನಿನ್ನ ತಲೆ ತಂಪಾಗಿರಲಿ, ನಿದ್ದೆ ಚೆನ್ನಾಗಿ ಬರಲಿ. ಸಾವಿರ ಗೋಲು ತಡೆಯುವಷ್ಟು ಆಯುಸ್ಸು ನಿನಗಿರಲಿ ಎಂದು ಹರಸುವ,

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ನಾಲ್ಕು ದಿನದಿಂದ ಬರೆಯಲು ಕೈ ಬಾರದ್ದು. ಕೋಚ್ ಮೇಡಂಗೆ ಹೇಳಿದ್ದು ನಿನ್ನ ಗೆಳತಿಯಲ್ಲ. ನಾನು.

ಪಂದ್ಯಕ್ಕೆ ಎರಡು ದಿನವಿದ್ದ ಆ ಸಂಜೆ ನೀನು ಫೋನ್ ಮಾಡಿದಾಗ, ಅಭ್ಯಾಸದಲ್ಲಿ ಯಾರದೋ ಮೊಣಕಾಲು ಹೆಲ್ಮೆಟ್ಟಿಗೆ ಬಡಿಯಿತು, ಏನೂ ಆಗಿಲ್ಲ ಅಂದೆ. "ಅಪ್ಪ ಊಟ ಮಾಡಿದ್ರಾ?" ಎಂದು ಕೇಳಿದೆ. ನಾನು ಉತ್ತರ ಹೇಳಿದೆ. ಸ್ವಲ್ಪ ಹೊತ್ತಿಗೆ ನೀನು ಮತ್ತೆ ಅದನ್ನೇ ಕೇಳಿದೆ, ಆಮೇಲೆ ಇನ್ನೊಮ್ಮೆ, ಪ್ರತಿ ಸಲವೂ ಮೊದಲ ಸಲ ಕೇಳುವ ಹಾಗೆ. ನನ್ನ ತಲೆಯೇ ಆಟವಾಡುತ್ತಿದೆ ಅಂದುಕೊಂಡೆ. ಫೋನಿಟ್ಟು ಪಕ್ಕಕ್ಕೆ ತಿರುಗಿದರೆ, ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅಪ್ಪ ಸೂಜಿ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. "ನಿನಗೆ ಏನೂ ಆಗಿಲ್ಲ. ಅವಳೇ ಕೇಳಿದ್ದು, ಮೂರು ಸಲ" ಅಂದರು. ಮರುಕ್ಷಣ ನಾನು ಕೋಚ್‌ಗೆ ಫೋನ್ ಹಚ್ಚಿದೆ. ನನ್ನ ಹೆಸರು ಹೇಳಬೇಡಿ ಎಂದು ಬೇಡಿಕೊಂಡವಳೂ ನಾನೇ. ನೀನು ಮಾತು ಬಿಡುತ್ತೀಯ ಎಂಬ ಹೆದರಿಕೆಯಿತ್ತು. ಅದಕ್ಕೆ ಆ ಹುಡುಗಿ ಬೆಲೆ ತೆರುವಂತಾಯಿತು.

ಇವತ್ತು ನೀನು ಹಾಗೆ ಕೇಳಿದರೂ ಕೋಚ್‌ಗೆ ಮತ್ತೆ ಫೋನ್ ಮಾಡುತ್ತೇನೆ. ನನ್ನ ಜೊತೆ ಮಾತು ಬಿಡುವುದಾದರೆ ಬಿಡು, ಎಷ್ಟು ದಿನ ಬೇಕಾದರೂ ಕಾಯುತ್ತೇನೆ. ಆದರೆ ಈಗ ಕಾಗದ ಮಡಚಿಟ್ಟು ಎದ್ದು ಹೋಗು. ಎದುರು ಕೋಣೆಯ ಬಾಗಿಲು ತಟ್ಟು. ಮೆಲ್ಲಗೆ ನಡೆ.