ಎರಡನೆಯ ಪುಟಿತ

೫ ಮಾರ್ಚ್, ಸೋಮವಾರ — ಬೆಳಿಗ್ಗೆ ಒಂಬತ್ತು

ಇಂದು ೨೦೧೮ರ ಮಾರ್ಚ್ ಐದು. ಈ ದಿನಚರಿಯ ಉದ್ದೇಶ ಒಂದೇ: ಇಪ್ಪತ್ನಾಲ್ಕರ ಶನಿವಾರ ರಾಜಧಾನಿಯ ಕಡೆಯ ‘ಕಣಿವೆ’ಯ ವಿಶ್ವವಿದ್ಯಾಲಯದವರೊಡನೆ ನಡೆಯಲಿರುವ ವಾರ್ಷಿಕ ಸ್ಕ್ವಾಷ್ ಪಂದ್ಯದ ಹೊತ್ತಿಗೆ ನನ್ನ ಆಟದ ದೋಷಗಳನ್ನು ಗುರುತಿಸಿ ತಿದ್ದಿಕೊಳ್ಳುವುದು. ಭಾವನೆಗಳಿಗೆ ಇಲ್ಲಿ ಸ್ಥಳವಿಲ್ಲ.

ದೋಷ: ಹಿಂಬದಿಯ ಎಡಮೂಲೆಯಿಂದ ಹೊಡೆತ ತಡವಾಗುತ್ತಿದೆ. ತಪ್ಪು ಪಾದದ್ದು, ತೋಳಿನದಲ್ಲ.

ಬೆಳಗಿನ ಅಭ್ಯಾಸ ಎಂದಿನಂತೆ ಸಫುರಾ ಜೊತೆ. ಗೆದ್ದೆ. ತಂಡದಲ್ಲಿ ನಾನು ಮೊದಲನೆಯವಳು, ಅವಳು ಎರಡನೆಯವಳು. ಔಷಧಶಾಸ್ತ್ರದ ತರಗತಿಯಲ್ಲೂ ಅದೇ ಕ್ರಮ. ಅದರಿಂದ ಸ್ನೇಹಕ್ಕೆ ಎಂದೂ ತೊಂದರೆಯಾಗಿಲ್ಲ.

ಕೊನೆಯ ಗೇಮಿನಲ್ಲಿ ನಾನು ಮುಂಗೋಡೆಗೆ ಮೆಲ್ಲಗೆ ಇಳಿಸಿದ ಚೆಂಡನ್ನು ಓಡಿಬಂದು ಎತ್ತಿದಳು. ಅಂಕ ಅವಳದೇ ಎಂದು ನಾನು ತಿರುಗಿದ್ದೆ. ಅವಳೇ ಎರಡು ಬೆರಳು ಎತ್ತಿದಳು. “ಎರಡು.”

ಚೆಂಡು ನೆಲಕ್ಕೆ ಎರಡು ಸಲ ಪುಟಿದ ಮೇಲೆ ಹೊಡೆದರೆ ಅಂಕ ಹೋದಂತೆ. ಅಭ್ಯಾಸದಲ್ಲಿ ತೀರ್ಪುಗಾರರಿಲ್ಲ, ಅವರವರ ‘ಎರಡ’ನ್ನು ಅವರವರೇ ಹೇಳಬೇಕು.

“ಸುಮ್ಮನಿದ್ದಿದ್ರೆ ಗೇಮ್ ನಿಂದೇ ಆಗ್ತಿತ್ತು,” ಎಂದೆ.

“ಹಂಗೆ ಗೆದ್ರೆ ನಾಷ್ಟಾ ಗಂಟಲಲ್ಲಿ ಇಳಿಯಲ್ಲ ಕಣೇ. ಬೇಗ ಬಾ, ಕ್ಯಾಂಟೀನಲ್ಲಿ ನಾಸಿ ಲೆಮಾ ಖಾಲಿಯಾಗತ್ತೆ.”

೧೨ ಮಾರ್ಚ್, ಸೋಮವಾರ

ಕೋಚ್ ಅರುಳ್ ಇಂದು ಆಟದ ಕ್ರಮ ಪ್ರಕಟಿಸಿದರು. ಐವರ ತಂಡ. ಕೆಳಗಿನ ಮೂವರು ಮೊದಲು, ಆಮೇಲೆ ನಾನು, ಕೊನೆಗೆ ಸಫುರಾ.

ನನಗೆ ಹೇಳಿದರು: “ಇಮ್, ನೀನು ಅವರ ಎಲಿಸ್ ಕ್ವೆಕ್‌ನ ಮುಗಿಸು. ಸಫುರಾ ಕೋರ್ಟಿಗೆ ಇಳಿಯೋಷ್ಟರಲ್ಲಿ ಶೀಲ್ಡ್ ನಮ್ಮ ಕಪಾಟಿನಲ್ಲಿರಬೇಕು.”

“ಮತ್ತೆ ನಾನ್ಯಾಕೆ ಕೋಚ್, ಫೋಟೋಗಾ?” ಸಫುರಾ ಕೇಳಿದಳು.

“ಕಣಿವೆಯವರು ಅತ್ರೆ ಟಿಶ್ಯೂ ಕೊಡೋಕೆ ಒಬ್ರು ಬೇಡ್ವಾ?”

ತೀರ್ಪುಗಾರರು ಯಾರೆಂದು ಹೊಸ ಹುಡುಗಿಯೊಬ್ಬಳು ಕೇಳಿದಳು. ಎಲ್ಲರೂ ನಕ್ಕರು. ಈ ಪಂದ್ಯಕ್ಕೆ ಹೊರಗಿನವರನ್ನು ಕರೆಸುವುದಿಲ್ಲ. ಸೋತವಳು ಕುರ್ಚಿಗೆ. ಯಾವ ತಂಡದವಳೇ ಆಗಲಿ, ಆಗಷ್ಟೇ ಸೋತವಳು ಗ್ಯಾಲರಿಯ ಕುರ್ಚಿ ಹತ್ತಿ ಮುಂದಿನ ಆಟದ ತೀರ್ಪು ಕೊಡಬೇಕು. ಅವಳ ಮಾತನ್ನು ಯಾರೂ ಪ್ರಶ್ನಿಸಬಾರದು. ಬೆವರು ಆರುವ ಮುನ್ನವೇ ನ್ಯಾಯವಾಗಿರಬಲ್ಲವಳು ಮಾತ್ರ ಈ ಆಟಕ್ಕೆ ಯೋಗ್ಯಳೆಂಬುದು ಹಿಂದಿನವರ ನಂಬಿಕೆ. ಉದಾತ್ತ ಪದ್ಧತಿ.

ನಾನು ಆ ಕುರ್ಚಿಯಲ್ಲಿ ಎಂದೂ ಕುಳಿತಿಲ್ಲ.

೧೮ ಮಾರ್ಚ್, ಭಾನುವಾರ

ಪಾದ ಸುಧಾರಿಸಿದೆ. ಪೂರ್ತಿ ಅಲ್ಲ.

ಸಫುರಾಳ ತಂದೆ ಪಂದ್ಯಕ್ಕೆ ಬರುತ್ತಾರಂತೆ. ಉತ್ತರದ ಕೆಡಾ ರಾಜ್ಯದ ಕರಾವಳಿಯಲ್ಲಿ ದೋಣಿಯ ಎಂಜಿನ್ ರಿಪೇರಿ ಅವರ ಕೆಲಸ. ಮಗಳ ಆಟ ನೋಡಿಯೇ ಇಲ್ಲ. ಇದು ಅವಳ ಕೊನೆಯ ಪಂದ್ಯ; ಏಪ್ರಿಲ್ ಕೊನೆಗೆ ಅವಳು ಕಡಲಾಚೆಯ ಸಬಾದ ಆಸ್ಪತ್ರೆಗೆ ತರಬೇತಿಗೆ ಹೊರಡುತ್ತಾಳೆ.

“ಇಷ್ಟು ವರ್ಷ ಅಪ್ಪಂದು ಒಂದೇ ಪ್ರಶ್ನೆ,” ಎಂದಳು. “ಗೋಡೆಗೆ ಚೆಂಡು ಹೊಡೆಯೋಕೆ ಇಬ್ಬರು ಯಾಕೆ ಬೇಕಮ್ಮಾ ಅಂತ.”

ನಕ್ಕೆವು. ಆಮೇಲೆ ಅವಳೇ ಅಂದಳು, “ಅವರ ಮುಂದೆ ಗೆಲ್ಲಬೇಕು, ಇಮ್.” ಅವಳು ಗೆಲ್ಲಬೇಕು ಎಂದದ್ದನ್ನು ಮೊದಲ ಬಾರಿ ಕೇಳಿದೆ.

೨೪ ಮಾರ್ಚ್, ಶನಿವಾರ — ಸಂಜೆ

ಸೋತೆವು. ಎರಡು–ಮೂರು.

೨೫ ಮಾರ್ಚ್, ಭಾನುವಾರ

ಕ್ರಮವಾಗಿ ಬರೆಯಬೇಕು.

ಮೂರು ಆಟಗಳ ನಂತರ ಎರಡು–ಒಂದರಿಂದ ನಾವು ಮುಂದಿದ್ದೆವು. ನಾನು ಗೆದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಲಿಸ್ ನನ್ನನ್ನು ಒಂದು ಗೇಮನ್ನೂ ಬಿಟ್ಟುಕೊಡದೆ ಸೋಲಿಸಿದಳು. ಎಡಮೂಲೆ. ಪಾದ. ಕೈ ಕುಲುಕುವಾಗ, “ತುಂಬಾ ಚೆನ್ನಾಗಿ ಆಡಿದ್ರಿ, ನಿಜವಾಗ್ಲೂ,” ಎಂದಳು. ಕರುಣೆಯಿಂದ. ಸೋಲನ್ನು ಸಹಿಸಬಹುದು...

ಟವೆಲ್ ಕೊರಳಿಗೆ ಸುತ್ತಿಕೊಂಡು ಕುರ್ಚಿ ಹತ್ತಿದೆ. ಕಣಿವೆಯ ಕಡೆಯಿಂದ ಯಾರೋ, “ಅವರ ಹುಡುಗೀನೇ ಕುರ್ಚೀಲಿ! ಶೀಲ್ಡ್ ಈಗಲೇ ಪ್ಯಾಕ್ ಮಾಡಿಕೊಟ್ಬಿಡಿ,” ಎಂದರು. ನಗೆ. ಬೆನ್ನು ನೆಟ್ಟಗೆ ಮಾಡಿಕೊಂಡೆ. ನಮ್ಮವಳ ಕಡೆ ವಾಲಿದೆನೆಂದು ಯಾರೂ ಹೇಳುವಂತಾಗಬಾರದು.

ಸಫುರಾ ಹಿಂದೆಂದೂ ಆಡದಂತೆ ಆಡಿದಳು. ಅವಳ ತಂದೆ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಾಟಿಕ್ ಅಂಗಿಯಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಟ್ಟುತ್ತಿದ್ದರು, ಮಗಳು ಅಂಕ ಕಳೆದುಕೊಂಡಾಗಲೂ.

ಐದನೆಯ ಗೇಮ್. ಒಂಬತ್ತು–ಹತ್ತು. ಇನ್ನೊಂದು ಅಂಕ ಹೋದರೆ ಮುಗಿಯಿತು. ಎದುರಾಳಿ ಮುಂಗೋಡೆಗೆ ಚೆಂಡನ್ನು ಮೆತ್ತಗೆ ಇಳಿಸಿದಳು. ಸಫುರಾ ಹಿಂದಿನಿಂದ ಓಡಿಬಂದು ಮೈಯನ್ನೇ ನೆಲಕ್ಕೆ ಚೆಲ್ಲಿದಳು. ರ‍್ಯಾಕೆಟ್ ಚೆಂಡಿನಡಿ ತೂರಿತು. ಚೆಂಡು ಎದ್ದು, ಗೋಡೆಯ ಕೆಳಗಿನ, ತಾಗಬಾರದ ತಗಡಿಗಿಂತ ಒಂದಿಷ್ಟೇ ಮೇಲೆ ಸವರಿ, ಸತ್ತಂತೆ ಬಿತ್ತು. ಎದುರಾಳಿ ಕದಲಲೇ ಇಲ್ಲ. ಗ್ಯಾಲರಿ ಎದ್ದು ನಿಂತಿತು. ಸಫುರಾ ಬಿದ್ದಲ್ಲೇ ನಗುತ್ತಿದ್ದಳು. ಬೆರಳು ಎತ್ತಲಿಲ್ಲ.

“ಎರಡು,” ಎಂದೆ.

ಗದ್ದಲ ಅಡಗಿತು. ಅವಳು ಮಲಗಿದ್ದಲ್ಲಿಂದಲೇ ಮೇಲೆ ನೋಡಿದಳು. “ಒಂದೇ, ಇಮ್.”

“ಎರಡು. ಹನ್ನೊಂದು–ಒಂಬತ್ತು. ಪಂದ್ಯ ಕಣಿವೆಯವರದು.”

ಸಂದೇಹವಿದ್ದರೆ ‘ಲೆಟ್’ ಎಂದು ಆ ಅಂಕವನ್ನು ಮತ್ತೆ ಆಡಿಸುವ ಅಧಿಕಾರ ಕುರ್ಚಿಗಿದೆ. ನನಗೆ ಸಂದೇಹವಿರಲಿಲ್ಲ.

ಸಫುರಾ ಎದ್ದು ಎದುರಾಳಿಯ ಕೈ ಕುಲುಕಿದಳು. ಪದ್ಧತಿಯಂತೆ ಕುರ್ಚಿಗೆ ವಂದನೆ ಹೇಳಿದಳು.

ಕೆಳಗೆ ಅವಳ ತಂದೆ ನನಗಾಗಿ ಕಾಯುತ್ತಿದ್ದರು. “ಮಗಳೇ, ಆಟ ಚೆನ್ನಾಗಿತ್ತು. ಕೊನೇಲಿ ಏನಾಯ್ತು ಅಂತ ಮಾತ್ರ ತಿಳೀಲಿಲ್ಲ. ಎಲ್ಲ ಎದ್ರಲ್ಲ, ನಮ್ಮವಳು ಗೆದ್ಲು ಅಂದ್ಕೊಂಡು ನಾನೂ ಎದ್ದುಬಿಟ್ಟೆ.”

“ಚೆಂಡು ಎರಡು ಸಲ ಬಿತ್ತು, ಪಾಚಿಕ್,” ಎಂದೆ; ಚಿಕ್ಕಪ್ಪ ಎಂದ ಹಾಗೆ.

“ಹೌದಾ. ನಿಮಗೆ ಕಂಡಿರತ್ತೆ ಬಿಡಿ.” ಕೈಗೊಂದು ಡಬ್ಬಿ ಇಟ್ಟರು. ಮೀನಿನ ಹಪ್ಪಳ. “ಇಬ್ಬರಿಗೂ ಅಂತ ಅವಳ ಅಮ್ಮ ಕರಿದದ್ದು. ಜಗಳ ಆಡದೆ ಹಂಚ್ಕೊಳ್ಳಿ.”

೩೧ ಮಾರ್ಚ್, ಶನಿವಾರ — ಮನೆ

ಸಫುರಾ ಅಭ್ಯಾಸಕ್ಕೆ ಬರುತ್ತಿಲ್ಲ. ತರಗತಿಯಲ್ಲಿ ಎರಡು ಸಾಲು ಹಿಂದೆ ಕೂರುತ್ತಾಳೆ. ಕೋಚ್ ನಿನ್ನೆ ಅಂದದ್ದು: “ತೀರ್ಪು ಕುರ್ಚೀದು, ಅದರ ಬಗ್ಗೆ ನಾನು ಮಾತಾಡಲ್ಲ. ಆದ್ರೆ ಇಮ್, ಅವಳು ಒಂದೇ ಅಂದಾಗ ನೀನು ಒಂದು ಉಸಿರಾದ್ರೂ ತಗೋಬೇಕಿತ್ತು.”

ಡಬ್ಬಿಯನ್ನು ಆಮಾ ತೆರೆದಳು. ಅಜ್ಜಿಗೆ ಕೇಳಿ ತೆರೆಯುವ ಅಭ್ಯಾಸವಿಲ್ಲ.

“ಯಾರ ಮನೇದೇ ಇದು? ಕರಿದವಳ ಕೈಗೆ ಚಿನ್ನದ ಬಳೆ ಹಾಕ್ಬೇಕು! ನೀನ್ಯಾಕೆ ತಿಂತಿಲ್ಲ?”

“ಹಸಿವಿಲ್ಲ, ಆಮಾ.”

“ಸೋತಿದ್ದು ಕಾಲು. ಹೊಟ್ಟೆಗೇನಾಯ್ತು?”

೪ ಏಪ್ರಿಲ್, ಬುಧವಾರ

ಕ್ಯಾಂಟೀನಿನಲ್ಲಿ ಸಫುರಾ ತಾನಾಗಿಯೇ ಬಂದು ಎದುರು ಕುಳಿತಳು.

“ಕೋಪ ಇಲ್ಲ. ಒಂದೇ ಮಾತು ಕೇಳ್ತೀನಿ. ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ನನ್ನ ಎರಡನ್ನ ನುಂಗಿದ್ದೀನಾ?”

“ಇಲ್ಲ.”

“ಅವತ್ತು ನುಂಗಿದೆ ಅಂತೀಯಾ? ಅಪ್ಪನ ಮುಂದೆ?”

“ಹಾಗೆ ಹೇಳಲಿಲ್ಲ. ಚೆಂಡು ಎರಡು ಸಲ ಬಿತ್ತು ಅಂದೆ.”

“ಎರಡೂ ಒಂದೇ ಅಲ್ವೇನೇ? ಊರಿಗೆ ಹೋದಾಗ ಅಪ್ಪ ಕೇಳಿದ್ರು — ನಿನಗೆ ಗೊತ್ತಾಗಲಿಲ್ವಾ ಮಗಳೇ, ಅಥವಾ ಗೊತ್ತಿದ್ದೂ ಸುಮ್ಮನಿದ್ಯಾ ಅಂತ. ಏನು ಹೇಳಲಿ ನಾನು?” ಲೋಟವನ್ನು ತಿರುಗಿಸುತ್ತಲೇ ಇದ್ದಳು. “ಶೀಲ್ಡ್ ಅವರ ಹತ್ರಾನೇ ಇರಲಿ. ನೀನು ‘ಗೊತ್ತಾಗಲಿಲ್ಲ’ ಅನ್ನು. ಒಂದೋ ಎರಡೋ, ಸರಿಯಾಗಿ ಗೊತ್ತಾಗಲಿಲ್ಲ ಸಫುರಾ... ಅಷ್ಟು ಸಾಕು ನಂಗೆ.”

ಆ ಮಾತನ್ನು ನಾನು ಯಾವ ಪರೀಕ್ಷಕರ ಮುಂದೆಯೂ ಆಡಿದವಳಲ್ಲ.

“ಗೊತ್ತಿತ್ತು,” ಎಂದೆ.

ತಲೆಯಾಡಿಸಿದಳು. ಚಹಾ ಮುಟ್ಟದೆ ಎದ್ದುಹೋದಳು.

೧೯ ಏಪ್ರಿಲ್, ಗುರುವಾರ

ಆಂತರಿಕ ಪರೀಕ್ಷೆಯ ಫಲಿತಾಂಶ. ಮೊದಲನೆಯವಳು ನಾನು, ಎರಡನೆಯವಳು ಸಫುರಾ. ಸೂಚನಾ ಫಲಕದ ಬಳಿ ಸಿಕ್ಕಳು. “ಅಭಿನಂದನೆ, ಸ್ಯೂ ಇಮ್.” ಪೂರ್ತಿ ಹೆಸರು, ಉಪನ್ಯಾಸಕರು ಹಾಜರಿ ಕರೆಯುವಂತೆ.

ಕೋರ್ಟಿನಲ್ಲಿ ಒಬ್ಬಳೇ ಆಡುತ್ತೇನೆ. ಗೋಡೆಗೆ ಹೊಡೆಯಲು ಒಬ್ಬರು ಸಾಕು.

ಆ ಚೆಂಡನ್ನು ನೆನಪಿಸಿಕೊಂಡಾಗಲೆಲ್ಲ ಎರಡನೆಯ ಪುಟಿತ ಸ್ಪಷ್ಟವಾಗಿ ಕಾಣುತ್ತದೆ. ಒಮ್ಮೊಮ್ಮೆ ಅದು ಅವಳ ರ‍್ಯಾಕೆಟ್ಟಿನ ನೆರಳಿನಂತಿರುತ್ತದೆ. ಒಮ್ಮೊಮ್ಮೆ ಚೆಂಡೇ ಕಾಣುವುದಿಲ್ಲ — ಗಾಜಿನಾಚೆ ನೀರು ಕುಡಿಯುತ್ತ ನನ್ನತ್ತ ನೋಡುತ್ತಿರುವ ಎಲಿಸ್ ಮಾತ್ರ.

ನಾನು ಸೋತ ದಿನ ಸಫುರಾ ಗೆದ್ದುಬಿಡಬಹುದಿತ್ತು. ಈ ವಾಕ್ಯವನ್ನು ಹೊಡೆದುಹಾಕಬೇಕು.

೨೧ ಏಪ್ರಿಲ್, ಶನಿವಾರ

ಕೋರ್ಟಿನಿಂದ ಹೊರಬಂದಾಗ ಬಾಗಿಲ ಬಳಿ ಸಫುರಾ. ಕೈಯಲ್ಲಿ ಫೋನ್. ಕಣಿವೆಯ ಹುಡುಗಿಯೊಬ್ಬಳು ಗಾಜಿನ ಹಿಂಗೋಡೆಗೆ ಫೋನ್ ಒರಗಿಸಿ ಕೊನೆಯ ಗೇಮನ್ನು ಪೂರ್ತಿ ವಿಡಿಯೋ ಮಾಡಿದ್ದಳಂತೆ. ನೆಲದ ಮಟ್ಟದಿಂದ. ಎಲಿಸ್ ಈಗ ಕಳಿಸಿದ್ದಾಳೆ.

“ನಾನೂ ತೆರೆದಿಲ್ಲ,” ಎಂದಳು. “ತೆರೆದ್ರೆ ಇಬ್ಬರೂ ಒಟ್ಟಿಗೆ. ಎರಡಾಗಿದ್ರೆ ನಾನೇ ಅಪ್ಪನಿಗೆ ಫೋನ್ ಮಾಡಿ ಹೇಳ್ತೀನಿ, ನನ್ನದೇ ತಪ್ಪು, ಇಮ್ ಸರಿ ಅಂತ.”

“ಒಂದಾಗಿದ್ರೆ?”

“ಒಂದಾಗಿದ್ರೆ ಏನೂ ಮಾಡಲ್ಲ ಕಣೇ. ನಿನ್ನ ಪಕ್ಕದಲ್ಲೇ ಕೂತಿರ್ತೀನಿ.” ಕಣ್ಣು ತುಂಬಿತ್ತು, ಬೈಯುವವಳಂತೆ ಒರೆಸಿಕೊಂಡಳು. “ಸೋಮವಾರ ಸಬಾಕ್ಕೆ ವಿಮಾನ. ನಾಳೆ ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಮೇಲೆ ಇರ್ತೀನಿ. ಬರದಿದ್ರೆ ಅಳಿಸಿಹಾಕ್ತೀನಿ. ಆಮೇಲೆ ನಾವಿಬ್ರೂ... ಗೊತ್ತಲ್ಲ.”

ಗೊತ್ತು.

೨೨ ಏಪ್ರಿಲ್, ಭಾನುವಾರ — ಬೆಳಿಗ್ಗೆ ಹತ್ತು

ಸ್ನಾನವಾಯಿತು. ತಲೆ ಬಾಚಿಕೊಂಡೆ. ಬೂಟು ಹಾಕಿಕೊಂಡು ಕುಳಿತಿದ್ದೇನೆ.

ಹಾಸ್ಟೆಲಿನ ಕಿಟಕಿಯಿಂದ ಮೆಟ್ಟಿಲು ಕಾಣುತ್ತದೆ. ಸಫುರಾ ಆಗಲೇ ಬಂದಿದ್ದಾಳೆ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಫೋನನ್ನು ಮಡಿಲಲ್ಲಿ ಮುಖ ಕೆಳಗಾಗಿ ಇಟ್ಟುಕೊಂಡಿದ್ದಾಳೆ. ಬಿಸಿಲು ಅವಳ ಕಾಲಿನವರೆಗೆ ಬಂದಿದೆ. ಒಮ್ಮೆ ತಲೆ ಎತ್ತಿ ಈ ಕಿಟಕಿಯನ್ನೇ ನೋಡಿದಳು. ಕೈ ಎತ್ತಿದಳು.

ಆ ವಿಡಿಯೋವನ್ನು ನಾನು ನೋಡುವುದಿಲ್ಲ.