ಅಮಲಾ ಮಾಡಿದ ಪ್ರಾರ್ಥನೆ

ಸಗಾಯಮೇರಿ,

ಹೊಸದಾಗಿ ಯೇಸುವನ್ನು ನಂಬಿದ ಹೆಂಗಸರನ್ನು ಇಬ್ಬರೂ ಹಂಚಿಕೊಂಡು ನಂಬಿಕೆಯಲ್ಲಿ ಬೆಳೆಸೋಣ ಅಂದವಳು ನೀನೇ. ಆಮೇಲೆ ಕೊಳ್ಳೇಗಾಲದಲ್ಲಿ ಪ್ರಸಂಗ ಮಾಡೋಕೆ ವೇದಿಕೆ ಸಿಕ್ಕಿತು, ಮೈಕು ಸಿಕ್ಕಿತು, ನಮ್ಮೂರು ಮಾರ್ಟಳ್ಳಿಯ ದಾರಿಯೇ ನಿನಗೆ ಮರೆತುಹೋಯಿತು.

ಇವತ್ತು ನಿನ್ನ ಪಾಲಿನ ಅಮಲಾ ಬೈಬಲ್ ಹಿಡಿದು ನನ್ನ ಮನೆಗೆ ಬಂದಿದ್ದಳು.

"ಸಗಾಯಕ್ಕ ಫೋನೇ ತಗೀತಿಲ್ಲ ಕಣಕ್ಕ. ನನ್ ಮ್ಯಾಲೆ ಏನಾರಾ ಬೇಜಾರಾ?" ಅಂತ ಕೇಳಿದಳು.

"ದೊಡ್ಡೋಳಾಗವ್ಳೆ. ನಿನ್ನಂತೋರು ಈಗ ಅವಳ ಕಣ್ಣಿಗೆ ಬೀಳಾಕಿಲ್ಲ" ಅಂದೆ.

ಅವಳು ಅತ್ತಳು. ನಿನ್ನ ಬಣ್ಣ ಬಯಲು ಮಾಡಿದೆನಲ್ಲ ಅಂತ ನನಗೆ ಖುಷಿಯೇ ಆಯಿತು.

ಹೊರಡುವ ಮುಂಚೆ ಅಮಲಾ ಕಣ್ಣು ಮುಚ್ಚಿ, ನಿನ್ನ ಹೆಸರು ಹಿಡಿದು, ನಿನಗೆ ಒಳ್ಳೇದಾಗಲಿ ಅಂತ ಪ್ರಾರ್ಥನೆ ಮಾಡಿದಳು. ನಾನು ಆಮೆನ್ ಅನ್ನಲಿ ಅಂತ ಸ್ವಲ್ಪ ಹೊತ್ತು ಕಾದಳು. ನನ್ನ ಬಾಯಿಂದ ಅದು ಬರಲಿಲ್ಲ.

ಮತ್ತೆ ಬರುತ್ತೀನಿ ಅಂತಲೂ ಅನ್ನದೆ ಎದ್ದು ಹೋದಳು.